ಬೋಟಿನ ಬುಡದಲ್ಲಿ ಏಳನೇ ಮ್ಯಾಚು

ಕಳೆದ ವಾರ ಶುಕ್ರವಾರ ಬೆಳಗ್ಗೆ ಎಂಟೂಕಾಲಿಗೆ ನನ್ನ ಭಾವ ಮಳೆಯಲ್ಲಿ ಒಂದು ಡಿಶ್ ಆಂಟೆನಾವನ್ನು ತಬ್ಬಿಕೊಂಡು ನಿಂತಿದ್ದರು.

ಸುಮ್ಮನೆ ನಿಂತದ್ದಲ್ಲ, ಉಸಿರು ಬಿಗಿಹಿಡಿದು ನಿಂತಿದ್ದರು. ಮೂಗಿನ ತುದಿಯಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳುವ ಹಾಗಿಲ್ಲ. ಒರೆಸಿದರೆ ಡಿಶ್ ಅಲ್ಲಾಡುತ್ತದೆ. ಡಿಶ್ ಅಲ್ಲಾಡಿದರೆ ಅಮೆರಿಕ ಹೋಗಿಬಿಡುತ್ತದೆ!

ಅಮೆರಿಕದಲ್ಲಿ ಅವರಿಗೆ ಯಾರಿದ್ದಾರೆ ಅಂತ ಕೇಳಬೇಡಿ. ಸ್ವಂತ ನೆಂಟರು ಯಾರೂ ಇಲ್ಲ. ಇರುವವರು ನೇರಳೆ ಬಣ್ಣದ ಅಂಗಿ ತೊಟ್ಟು ಬಾಸ್ಕೆಟ್‌ಬಾಲ್ ಆಡುವ ಒಂದು ಹನ್ನೆರಡು ಮಂದಿ ಉದ್ದುದ್ದ ಗಂಡಸರು. ಆ ಟೀಮು ನಮ್ಮ ಕುಟುಂಬದ ಟೀಮು. ಹದಿಮೂರು ವರ್ಷದಿಂದ.

ಈ ಅಂಕಣ ಓದುವ ನಿಮಗೆ ನಮ್ಮ ಮನೆಯ ಸುದ್ದಿಯೆಲ್ಲ ಗೊತ್ತು. ಕುಂದಾಪುರದ ಕೋಡಿಯಲ್ಲಿ ನಮ್ಮದು ಮೀನಿನ ಮನೆ. ನಾನು ಶಾಲೆಯಲ್ಲಿ ಟೀಚರ್, ನಮ್ಮವರು ಅವರ ಅಣ್ಣನ, ಅಂದರೆ ಈ ಭಾವನ ಜೊತೆ ಬೋಟಿಗೆ ಹೋಗುವವರು. ಇಷ್ಟೆಲ್ಲ ಬರೆದಿದ್ದೇನೆ. ಆದರೆ ಬಾಸ್ಕೆಟ್‌ಬಾಲಿನ ಹುಚ್ಚಿನ ಬಗ್ಗೆ ಮಾತ್ರ ಇದುವರೆಗೂ ಬಾಯಿ ಬಿಟ್ಟಿರಲಿಲ್ಲ. ಯಾಕೆ? ಮರ್ಯಾದೆ ಪ್ರಶ್ನೆ ಮರಾಯ್ರೆ! ಕ್ರಿಕೆಟ್ ಅಂದರೆ ಊರೇ ಒಪ್ಪುತ್ತದೆ. ಕಬಡ್ಡಿ, ವಾಲಿಬಾಲ್ ಅಂದರೆ ರಾತ್ರಿ ಲೈಟು ಕಟ್ಟಿ ಟೂರ್ನಮೆಂಟ್ ಮಾಡುತ್ತಾರೆ. ಬಾಸ್ಕೆಟ್‌ಬಾಲ್ ಅಂದರೆ, "ಅದ್ ಎಂತ ಆಟ, ಆ ಬುಡ ಇಲ್ದ್ ಬುಟ್ಟಿದಾ?" ಅಂತ ಕೇಳುತ್ತಾರೆ.

ಇದನ್ನು ಮನೆಗೆ ತಂದದ್ದು ನನ್ನ ಮಾವ. ಮಾವ ಬೊಂಬಾಯಿಯಿಂದ ಹೊರಡುವ ಸರಕಿನ ಹಡಗುಗಳಲ್ಲಿ ಅಡುಗೆಯವರಾಗಿದ್ದರು. ಒಂದು ಸಲ ಹಡಗು ಕೆಟ್ಟು ಅಮೆರಿಕದ ಒಂದು ಬಂದರಿನಲ್ಲಿ ಇಪ್ಪತ್ತು ದಿನ ನಿಂತಿತಂತೆ. ಬಂದರಿನಲ್ಲಿ ಕೆಲಸ ಮಾಡುವ ಒಬ್ಬ ಮಾವನ ಮೀನುಸಾರು ತಿಂದು ಮರುಳಾಗಿ, ಅದರ ಋಣಕ್ಕೆ ಇವರನ್ನು ಮ್ಯಾಚಿಗೆ ಕರೆದುಕೊಂಡು ಹೋದನಂತೆ. ಮಾವನಿಗೆ ಆಟ ಅರ್ಥವಾಗಲಿಲ್ಲ. ಆ ಬೊಬ್ಬೆ ಅರ್ಥವಾಯಿತು. ತೊಂಬತ್ತೇಳರಲ್ಲಿ ಕೆಲಸ ಬಿಟ್ಟು ಊರಿಗೆ ಬರುವಾಗ ಅವರ ಪೆಟ್ಟಿಗೆಯಲ್ಲಿ ಒಂದು ಕಲರ್ ಟಿ.ವಿ., ಅದರ ಮೇಲೆ ಮಡಚಿಟ್ಟ ಒಂದು ನೇರಳೆ ಅಂಗಿ.

ಆ ವರ್ಷವೇ ನಾನು ಸೊಸೆಯಾಗಿ ಬಂದದ್ದು. ಮದುವೆಯಾಗಿ ನಾಲ್ಕನೇ ದಿನ ಬೆಳಗ್ಗೆ ಆರೂವರೆಗೆ ಚಾವಡಿಯಲ್ಲಿ ಗಂಡಸರು "ಹೊಡಿ! ಹೊಡಿ!" ಅಂತ ಕಿರುಚುವುದು ಕೇಳಿ, ಮನೆಗೆ ಹಾವು ಬಂದಿದೆ ಅಂತ ನಾನು ಬಚ್ಚಲಿನಿಂದ ಕೋಲು ಹಿಡಿದುಕೊಂಡು ಓಡಿ ಬಂದಿದ್ದೆ. ಮಾವ, ಭಾವ, ನಮ್ಮವರು, ಮೂರೂ ಜನ ಟಿ.ವಿ. ಎದುರು ನಿಂತಿದ್ದರು. ಯಾರೂ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅತ್ತೆ ಮಾತ್ರ, "ಕೋಲ್ ಅಲ್ಲೇ ಇಟ್ಟ್ ಕೂಕೋ ಮಗಾ, ಇನ್ನೂ ಎರಡ್ ಭಾಗ ಇತ್ತ್" ಅಂದರು.

ಇದರ ಒಂದು ದೊಡ್ಡ ಸುಖ ಏನೆಂದರೆ ಮ್ಯಾಚು ನಮ್ಮ ಬೆಳಗ್ಗೆ. ಅವರಿಗೆ ರಾತ್ರಿ, ನಮಗೆ ಗಂಜಿ ಹೊತ್ತು. ಇನ್ನೊಂದು ಸುಖ, ಫೈನಲ್ ಬರುವುದು ಜೂನಿನಲ್ಲಿ. ಕಡಲಿಗೆ ಬೋಟು ಇಳಿಸಬಾರದು ಅಂತ ಸರಕಾರ ಬಾಗಿಲು ಹಾಕುವುದೂ ಜೂನಿನಲ್ಲಿ! ಬೋಟು ಮೇಲೆ ಎಳೆದು, ಬಲೆ ಬ್ಯಾಟರಿ ಎಲ್ಲ ಒಳಗೆ ಹಾಕಿ, ಗಂಡಸರು ಮನೆಯಲ್ಲಿ ಕೈಕಟ್ಟಿ ಕೂರುವ ಹೊತ್ತಿಗೆ ಸರಿಯಾಗಿ ಅಲ್ಲಿ ಫೈನಲ್ ಶುರು. ದೇವರೇ ಕ್ಯಾಲೆಂಡರ್ ಹೊಂದಿಸಿಕೊಟ್ಟ ಹಾಗೆ.

ಫೈನಲ್ ಅಂದರೆ ಒಂದೇ ಮ್ಯಾಚಲ್ಲ. ಏಳು ಮ್ಯಾಚು. ಮೊದಲು ನಾಲ್ಕು ಗೆದ್ದವರದು ಕಪ್. ಕೆಲವು ಇವರ ಊರಿನಲ್ಲಿ, ಕೆಲವು ಅವರ ಊರಿನಲ್ಲಿ. ಸ್ವಂತ ಊರಿನಲ್ಲಿ ಆಡುವಾಗ ನಮ್ಮ ಟೀಮಿನವರು ಬಿಳಿ ಅಂಗಿ ಹಾಕುತ್ತಾರೆ, ಪರವೂರಿಗೆ ಹೋದಾಗ ನೇರಳೆ. ಇದು ಗೊತ್ತಿಲ್ಲದೆ ಅತ್ತೆ ಮೊದಲ ವರ್ಷ ಲೀಗಿನ ಒಂದಿಡೀ ಮ್ಯಾಚು ಎದುರು ಪಾರ್ಟಿಗೆ ಕೈಮುಗಿದಿದ್ದರು. ಗೆದ್ದ ಮೇಲೆ ಮಾವ ಕುಣಿಯುವುದನ್ನು ಕಂಡು, "ಸೋತದ್ದಕ್ಕ್ ಇವ್ರ್ ಎಂತಕ್ ಕುಣಿತ್ರ್?" ಅಂತ ನನ್ನ ಕೇಳಿದ್ದರು.

ಆಮೇಲೆ ಕಲಿತರು ನೋಡಿ! ಬುಟ್ಟಿ ಹೊತ್ತು ಮನೆ ಮನೆಗೆ ಮೀನು ಮಾರಿದ ಹೆಂಗಸು. ಲೆಕ್ಕದಲ್ಲಿ ಬಲು ಚುರುಕು. ಎಷ್ಟು ದೂರದಿಂದ ಹಾಕಿದರೆ ಎರಡು, ಎಷ್ಟು ದೂರದಿಂದ ಹಾಕಿದರೆ ಮೂರು ಅಂತ ನನಗಿಂತ ಮೊದಲು ಅವರಿಗೇ ಗೊತ್ತಾಯಿತು. ಇಂಗ್ಲಿಷ್ ಹೆಸರು ಬಾಯಿಗೆ ಬರುವುದಿಲ್ಲ ಅಂತ ಆಟಗಾರರಿಗೆಲ್ಲ ತಾವೇ ಹೆಸರಿಟ್ಟರು. ತಲೆ ನುಣ್ಣಗೆ ಬೋಳಿಸಿದವ ಬೋಳಣ್ಣ. ಏಳಡಿಯವ ಕೊಕ್ಕರೆ. ಬಾಲು ಸಿಕ್ಕಿದರೆ ಯಾರಿಗೂ ಕೊಡದವ ಜಿಪುಣ. ರೆಫ್ರಿ ಮಾತ್ರ ಯಾವ ವರ್ಷ ಯಾರೇ ಬಂದರೂ ಒಂದೇ ಹೆಸರು, ಹಾಳಾದವ.

ಹೀಗೆ ಚಂದದಲ್ಲಿ ನಡೆಯುತ್ತಿತ್ತು. ನಾಲ್ಕು ವರ್ಷದ ಹಿಂದೆ ಮಾವ ಹೋದರು. ಆದರೂ ಮ್ಯಾಚು ನಿಲ್ಲಲಿಲ್ಲ. ನೇರಳೆ ಅಂಗಿ ಟಿ.ವಿ. ಮೇಲಿನ ಮೊಳೆಗೆ ಬಂತು, ಮಾವನ ಜಾಗದಲ್ಲಿ ಭಾವ ಕೂತರು.

ಕಳೆದ ದೀಪಾವಳಿ ಮುಗಿದ ವಾರ ಎಲ್ಲ ಎಕ್ಕುಟ್ಟಿಹೋಯಿತು.

ಆಗಿದ್ದಿಷ್ಟು. ಬೋಟಿನಲ್ಲಿ ಭಾವ ತಾಂಡೇಲರು, ಅಂದರೆ ಚಕ್ರ ಹಿಡಿಯುವವರು. ನಮ್ಮವರದು ಬಲೆ ಬಿಡುವ ಕೆಲಸ. ಒಂದು ದಿನ ಬಲೆ ಕಡಲಡಿಯ ಕಲ್ಲಿಗೆ ಸಿಕ್ಕಿ ಹರಿದು ಚಿಂದಿಯಾಯಿತು. "ಕಲ್ ಇಪ್ಪಲ್ ಕೊಂಡೋದದ್ ನೀನ್" ಅಂತ ತಮ್ಮ. "ಎಳಿ ಅಂದ್ ಕೂಡ್ಲೆ ಎಳೀದೆ ಇದ್ದದ್ ನೀನ್" ಅಂತ ಅಣ್ಣ. ಅದೂ ಬೋಟಿನಲ್ಲಿ ಕೂಲಿಗೆ ದುಡಿಯುವ ಏಳು ಜನ ಕಲಾಸಿಗಳ ಎದುರು. ಮಾತಿಗೆ ಮಾತು ಬೆಳೆದು, ಬಂದರಿಗೆ ಬರುವಷ್ಟರಲ್ಲಿ ಅಣ್ಣತಮ್ಮ ಮಾತು ಬಿಟ್ಟಾಗಿತ್ತು.

ಮಾತು ಬಿಟ್ಟವರು ಕೆಲಸ ಬಿಟ್ಟರಾ? ಇಲ್ಲ! ದಿನಾ ಅದೇ ಬೋಟು, ಅದೇ ಕಡಲು. ಮಾತಾಡುವುದು ಕಲಾಸಿಗಳ ಮುಖಾಂತರ. "ಬಲಿ ಬಿಡುಕ್ ಹೇಳಾ ಅವ್ನಿಗೆ" ಅಂತ ಭಾವ ಅಲ್ಲಿಂದ. "ಬಿಟ್ಟಾಯ್ತ್ ಹೇಳಾ ಅವ್ನಿಗೆ" ಅಂತ ನಮ್ಮವರು ಇಲ್ಲಿಂದ. ಮಧ್ಯೆ ಇರುವ ಅಂತರ ಹತ್ತು ಮಾರು! ಹೆಂಗಸರು ಹೀಗೆ ಮಾಡಿದ್ದರೆ ಊರು ಬಿಡುತ್ತಿತ್ತಾ?

ನಮ್ಮ ಮನೆಗೂ ಭಾವನ ಮನೆಗೂ ನಲ್ವತ್ತು ಹೆಜ್ಜೆ. ನಡುವೆ ಹೊಳೆದಡದ ಜಾಗ. ಮಳೆಗಾಲದಲ್ಲಿ ಅಲ್ಲಿಯೇ ಬೋಟು ಎಳೆದಿಟ್ಟು ಮೇಲೆ ಟಾರ್ಪಾಲಿನ ಚಪ್ಪರ ಹಾಕುತ್ತೇವೆ. ಮಾವ ಇರುವಾಗಿಂದ ಹಾಗೇ. ನಾನು ಮತ್ತು ಭಾವನ ಹೆಂಡತಿ ಜಲಜಕ್ಕ ಎಂಟು ತಿಂಗಳೂ ಆ ನಲ್ವತ್ತು ಹೆಜ್ಜೆ ನಡೆದಿದ್ದೇವೆ. ಆಚೆ ಬಂಗುಡೆ ಸಾರು ಹೋಗುತ್ತದೆ, ಈಚೆ ಮರವಾಯಿ ಸುಕ್ಕ ಬರುತ್ತದೆ. ಗಂಡಸರಿಬ್ಬರೂ ಎರಡನ್ನೂ ತಿನ್ನುತ್ತಾರೆ, ಎಲ್ಲಿಂದ ಬಂತು ಅಂತ ಕೇಳುವುದಿಲ್ಲ. (ಕೇಳಿದರೆ ತಿನ್ನುವ ಹಾಗಿಲ್ಲವಲ್ಲ!)

ಮ್ಯಾಚಿನ ಕತೆ? ಅದನ್ನು ಅತ್ತೆಯೇ ಬಗೆಹರಿಸಿದರು. ಮೊದಲ ಎರಡು ಕ್ವಾರ್ಟರ್ ನಮ್ಮ ಮನೆಯಲ್ಲಿ. ಹಾಫ್ ಟೈಮಿನಲ್ಲಿ ಮೊಳೆಯಿಂದ ನೇರಳೆ ಅಂಗಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಹೊಳೆದಡದ ಆ ಜಾಗ ಹಾದು, ಕೊನೆಯ ಎರಡು ಕ್ವಾರ್ಟರ್ ಭಾವನ ಮನೆಯಲ್ಲಿ. "ಇಬ್ರೂ ನನ್ನ್ ಮಕ್ಳೇ. ಅರ್ಧ ಅರ್ಧ" ಅಂತ ತೀರ್ಮಾನ. ಎಪ್ಪತ್ತರ ಹೆಂಗಸು ಎಂಟು ತಿಂಗಳು ಹೀಗೆ ಆಚೀಚೆ ಓಡಾಡಿದ್ದನ್ನು ಮಕ್ಕಳಿಬ್ಬರೂ ಕಿಟಕಿಯಿಂದ ನೋಡಿದರು. ನಾಚಿಕೆ ಆಯಿತಾ? ನನಗಂತೂ ಕಾಣಲಿಲ್ಲ.

ಈ ಜೂನಿಗೆ ನಮ್ಮ ಟೀಮು ಫೈನಲಿಗೆ ಬಂತು. ಹದಿಮೂರು ವರ್ಷದಲ್ಲಿ ಮೊದಲ ಸಲ! ನಾನು ಸ್ಟಾಫ್ ರೂಮಿನಲ್ಲಿ ಬೊಬ್ಬೆ ಹಾಕಿದೆ. ಯಾರಿಗೂ ಏನೂ ಅರ್ಥವಾಗಲಿಲ್ಲ. ಹೆಡ್‌ಮಾಸ್ಟ್ರು ನನಗೆ ಪ್ರಮೋಷನ್ ಬಂತು ಅಂತ ತಿಳಿದುಕೊಂಡು ಶೇಕ್‌ಹ್ಯಾಂಡ್ ಕೊಟ್ಟರು. ನಾನು ತೆಗೆದುಕೊಂಡೆ.

ಅದೇ ವಾರ ಬೋಟು ಮೇಲೆ ಬಂತು. ಅದರ ಬೆನ್ನಿಗೇ ಭಾವನ ಮಾತು ಬಂತು, ಅತ್ತೆಯ ಮುಖಾಂತರ. ಈ ಬೋಟು ಇನ್ನು ಸಾಕು. ಬೈಂದೂರಿನ ಕಡೆಯ ಒಬ್ಬರು ತೆಗೆದುಕೊಳ್ಳುತ್ತಾರಂತೆ. ಫೈನಲ್ ಮುಗಿದ ಭಾನುವಾರ ನೋಡಲು ಬರುತ್ತಾರೆ. ಕೊಟ್ಟು, ಅವನ ದಾರಿ ಅವನಿಗೆ, ನನ್ನ ದಾರಿ ನನಗೆ.

ನಮ್ಮವರು ಕೇಳಿ, "ಅವ್ನಿಗ್ ಬ್ಯಾಡ ಅಂದ್ರೆ ನಂಗೂ ಬ್ಯಾಡ" ಅಂದರು. ಅಂದವರು ಆ ದಿನ ಊಟಕ್ಕೆ ಕೂರಲಿಲ್ಲ.

ಬೋಟು ಅಂದರೆ ಏನು ಅಂತ ಘಟ್ಟದ ಮೇಲಿನ ಓದುಗರಿಗೆ ಹೇಳಬೇಕು. ಮಾವ ಹಡಗಿನಲ್ಲಿ ಇಪ್ಪತ್ತಾರು ವರ್ಷ ಪರರಿಗೆ ಅನ್ನ ಬೇಯಿಸಿ ತಂದ ದುಡಿಮೆಯೆಲ್ಲ ಆ ಮರದಲ್ಲಿ ಇದೆ. ಅದು ಹೋದರೆ ಇಬ್ಬರೂ ಬೇರೆಯವರ ಬೋಟಿಗೆ ಕಲಾಸಿಗಳಾಗಿ ಹೋಗಬೇಕು. ಅತ್ತೆ ಅಳಲಿಲ್ಲ, ಬೈಯಲಿಲ್ಲ. ಬೋಟಿನ ಬುಡಕ್ಕೆ ಹೋಗಿ ಒಂದು ತಾಸು ಸುಮ್ಮನೆ ಕೂತು ಬಂದರು.

ಫೈನಲಿನ ಆರು ಮ್ಯಾಚು ಮುಗಿದಾಗ ಮೂರು ಮೂರು ಸಮ. ಏಳನೆಯದು ಶುಕ್ರವಾರ. ಗುರುವಾರ ಸಂಜೆ ಅತ್ತೆ ನನ್ನನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ಹೂವಿನ ಪೂಜೆಗೆ ಚೀಟಿ ಮಾಡಿಸಿದರು. ಒಳಗಿನಿಂದ ಭಟ್ರು ಕೇಳಿದರು, "ಯಾರ ಹೆಸರಲ್ಲಿ? ನಕ್ಷತ್ರ ಹೇಳಿ."

ಈಗ ಇವರು ಬೋಳಣ್ಣ, ಕೊಕ್ಕರೆ ಅಂತ ಹೇಳಿದರೆ ಭಟ್ರು ಏನು ಅಂದುಕೊಂಡಾರು? ಅಮೆರಿಕದಲ್ಲಿ ಹುಟ್ಟಿದ ಏಳಡಿಯವನ ನಕ್ಷತ್ರ ಎಲ್ಲಿಂದ ತರುವುದು?

ಅತ್ತೆ ಕಣ್ಣು ಮುಚ್ಚಿಕೊಂಡು ಹೇಳಿದರು, "ಭಾಸ್ಕರ, ಮೃಗಶಿರ. ಸದಾನಂದ, ಸ್ವಾತಿ."

ಭಾವ ಮತ್ತು ನಮ್ಮವರು!

ಬರುವಾಗ ರಿಕ್ಷಾದಲ್ಲಿ ಕೇಳಿದೆ, "ಅತ್ತೆ, ಪೂಜಿ ಮ್ಯಾಚಿಗ್ ಅಲ್ದಾ?"

"ಮ್ಯಾಚಿಗೇ. ಗೆದ್ರೆ ಇವ್ರಿಬ್ರೂ ಮಾತಾಡ್ತ್ರ್ ಕಾಣ್. ಗೆದ್ದ್ ಕುಷಿಯಂಗೆ ಯಾರ್ ಸಿಟ್ಟ್ ಹಿಡ್ಕಂಡ್ ಕೂಕಂತ್ರ್? ಮಾತಾಡಿರೆ ಬೋಟ್ ಒಳಿತ್ತ್."

ಅಂದರೆ ನನ್ನ ಅತ್ತೆ, ಇಬ್ಬರು ಮಕ್ಕಳನ್ನೂ ಒಂದು ಬೋಟನ್ನೂ ತೆಗೆದುಕೊಂಡು ಹೋಗಿ ಬೋಳಣ್ಣನ ಕೈಯಲ್ಲಿ ಇಟ್ಟಿದ್ದರು. ನಗು ಬಂತು. ಕಣ್ಣಲ್ಲಿ ನೀರೂ ಬಂತು. ಆ ರಾತ್ರಿ, ಆರನೇ ಮ್ಯಾಚಿನಲ್ಲಿ ಬಿದ್ದ ಕೊಕ್ಕರೆಯ ಮಂಡಿ ನೋವು ಗುಣವಾಗಲಿ ಅಂತ ನಾನೂ ಬೇಡಿಕೊಂಡೆ.

ಶುಕ್ರವಾರ ಬೆಳಗ್ಗೆ ಆಕಾಶ ಹರಿದು ಬಿದ್ದಂಥ ಮಳೆ. ಶಾಲೆಗಳಿಗೆ ರಜೆ. (ಮಕ್ಕಳಿಗಿಂತ ಟೀಚರಿಗೆ ಖುಷಿ ಜಾಸ್ತಿ ಅಂತ ಯಾರಿಗೂ ಹೇಳಬೇಡಿ.) ಆರೂವರೆಗೆ ಮ್ಯಾಚು ಶುರು. ಅತ್ತೆ ಬಾಗಿಲ ಪಕ್ಕ, ನಮ್ಮವರು ಕುರ್ಚಿಯ ಅಂಚಿನಲ್ಲಿ, ನಾನು ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡಿದು. ಗೆದ್ದ ಮ್ಯಾಚುಗಳಲ್ಲೆಲ್ಲ ಹಾಗೆಯೇ ಇದ್ದದ್ದು. ಸೌಟು ಕೆಳಗಿಟ್ಟರೆ ನಮ್ಮವರು ಗುರ್ರೆನ್ನುತ್ತಾರೆ.

ಹಾಫ್ ಟೈಮಿಗೆ ನಾವು ಐದು ಪಾಯಿಂಟ್ ಹಿಂದೆ. ಅತ್ತೆ ಅಂಗಿ ಕಂಕುಳಲ್ಲಿ ಇಟ್ಟು, ಕೊಡೆ ಬಿಡಿಸಿ ಅಂಗಳಕ್ಕೆ ಇಳಿದರು. ಅಷ್ಟೇ. ಟಪ್!

ಕರೆಂಟು ಹೋಯಿತು.

"ಎಂತ ಸಾವ್ ಮರಾಯ್ತಿ ಇದ್!" ಅಂತ ನಮ್ಮವರು ಎದ್ದು ನಿಂತರು, ಕೂತರು, ಮತ್ತೆ ಎದ್ದರು. ಕರೆಂಟ್ ಆಫೀಸಿಗೆ ಫೋನು ಮಾಡಿದೆ, ಎತ್ತುವವರಿಲ್ಲ. ಕಿಟಕಿಯಿಂದ ನೋಡಿದರೆ ಭಾವನ ಮನೆಯಲ್ಲಿ ಲೈಟು ಉರಿಯುತ್ತಿದೆ. ಅವರಲ್ಲಿ ಇನ್ವರ್ಟರ್ ಇದೆ. ನಮ್ಮವರು ಒಂದು ಸಲ ಆ ಲೈಟು ನೋಡಿದರು. ಹೋಗಿ ಅಂದೆ. "ಸತ್ರೂ ಹೋತಿಲ್ಲೆ" ಅಂದರು.

ಆಗ ನನ್ನ ಮೊಬೈಲ್ ಹೊಡೆದುಕೊಂಡಿತು. ಜಲಜಕ್ಕ.

"ಶಾರದಾ, ನಮ್ಮಲ್ಲ್ ಕರೆಂಟ್ ಇತ್ತ್, ಕೇಬಲ್ ಹೋಯ್ತ್. ಇವ್ರ್ ಹುಚ್ಚ್ ಹಿಡ್ದ್ರಂಗೆ ತಿರ್ಗತ್ರ್. ನಿಮ್ದ್ ಡಿಶ್ ಅಲ್ದಾ?"

"ಡಿಶ್ ಇತ್ತ್, ಕರೆಂಟ್ ಇಲ್ಲೆ ಜಲಜಕ್ಕ. ನಿಮ್ ಕೇಬಲಿಗ್ ಎಂತ ಆಯ್ತ್?"

ಆ ಕಡೆ ದನಿ ತಗ್ಗಿತು. "ಎಂತ ಆಪುದ್? ಟಿ.ವಿ. ಹಿಂದಿನ್ ಪಿನ್ ನಾನೇ ಎಳ್ದ್ ತೆಗ್ದೆ. ಇವ್ರ್ ಹಿಂದೆ ಬಗ್ಗಿ ಕಾಂಬ ಜಾತಿ ಅಲ್ಲ. ಇವತ್ತ್ ಬಿಟ್ರೆ ಇಲ್ಲೆ ಶಾರದಾ. ನಾಡ್ದ್ ಬೈಂದೂರಿನವ್ರ್ ಬತ್ತ್ರ್."

ಹದಿಮೂರು ವರ್ಷದಲ್ಲಿ ಟಿ.ವಿ.ಯಲ್ಲಿ ಇಂಥ ಒಂದು ಪಾಸ್ ನಾನು ಕಂಡದ್ದಿಲ್ಲ! (ಇದನ್ನು ಧೈರ್ಯವಾಗಿ ಬರೆಯುತ್ತಿದ್ದೇನೆ. ಅಣ್ಣತಮ್ಮಂದಿರಿಬ್ಬರೂ ಪೇಪರಿನಲ್ಲಿ ಸ್ಪೋರ್ಟ್ಸ್ ಪುಟ ಬಿಟ್ಟು ಬೇರೆ ಓದುವುದಿಲ್ಲ.)

ಈಗ ಪರಿಸ್ಥಿತಿ ನೋಡಿ. ಒಂದು ಮನೆಯಲ್ಲಿ ಕರೆಂಟು ಇದೆ, ಚಾನೆಲ್ ಇಲ್ಲ. ಇನ್ನೊಂದು ಮನೆಯಲ್ಲಿ ಚಾನೆಲ್ ಇದೆ, ಕರೆಂಟು ಇಲ್ಲ. ಯಾರು ಯಾರ ಮೆಟ್ಟಿಲು ಹತ್ತಬೇಕು? ಇದು ಜುಜುಬಿ ವಿಷಯ ಅಂತ ನಿಮಗೆ ಅನ್ನಿಸಬಹುದು. ಮಾತು ಬಿಟ್ಟ ಗಂಡಸರಿರುವ ಮನೆಯಲ್ಲಿ ಒಂದು ದಿನ ಇದ್ದು ನೋಡಿ.

ಅತ್ತೆ ಇನ್ನೂ ಅಂಗಳದಲ್ಲೇ ಇದ್ದರು. ಎರಡೂ ಸುದ್ದಿ ಅವರಿಗೆ ಮುಟ್ಟಿಸಿದೆ. (ಪಿನ್ನಿನ ಸುದ್ದಿ ಬಿಟ್ಟು.) ಅತ್ತೆ ಬೋಟಿನ ಚಪ್ಪರದೊಳಗೆ ಹೋಗಿ ನಿಂತು, ಕೊಡೆ ಮಡಚಿ, ಕೂಗಿದರು ನೋಡಿ! ಮೀನು ಮಾರಿದ ಗಂಟಲು. ಹೊಳೆಯಾಚೆಗೆ ಕೇಳಿರಬೇಕು.

"ಹ್ವಾಯ್! ಇಬ್ರೂ ಕೇಣಿ! ಅವ್ನ್ ಮನಿಗೂ ಬ್ಯಾಡ, ಇವ್ನ್ ಮನಿಗೂ ಬ್ಯಾಡ. ಈ ಜಾಗ ನಿಮ್ಮ್ ಅಪ್ಪಯ್ಯಂದ್. ಅವ ಕರೆಂಟ್ ತರ್ಲಿ, ಇವ ಡಿಶ್ ತರ್ಲಿ. ಹತ್ತ್ ನಿಮಿಷದಂಗೆ ಬರ್ದಿದ್ರೆ ಅಂಗಿ ಹೊಳಿಗ್ ಎಸಿತೆ!"

ಮಾವನ ಅಂಗಿ!

ಎರಡೂ ಮನೆಯ ಬಾಗಿಲು ಒಟ್ಟಿಗೆ ತೆರೆಯಿತು.

ಆಮೇಲಿನದು ನಾನು ಬಣ್ಣಿಸುವುದು ಹೇಗೆ? ನಮ್ಮವರು ಸ್ಪ್ಯಾನರ್ ಕಚ್ಚಿಕೊಂಡು ಹಂಚಿನ ಮಾಡಿಗೆ ಹತ್ತಿ ಡಿಶ್ ಕಳಚಿದರು. ನಾನು ಟಿ.ವಿ.ಯ ಒಂದು ಬದಿ, ಅವರು ಒಂದು ಬದಿ, ಮೇಲೆ ಪ್ಲಾಸ್ಟಿಕ್ ಹೊದೆಸಿ ಓಡಿದೆವು. ಆ ಕಡೆಯಿಂದ ಭಾವ ವಯರಿನ ಸುತ್ತು ಬಿಚ್ಚುತ್ತಾ ಬಂದರು, ಹಿಂದೆ ಜಲಜಕ್ಕ ಸ್ಟೂಲು ಹಿಡಿದುಕೊಂಡು. ವಯರು ಚಪ್ಪರಕ್ಕೆ ಸರೀ ಎಟುಕಿತು, ಒಂದು ಗೇಣೂ ಹೆಚ್ಚಿಲ್ಲ. ಟಿ.ವಿ. ಸ್ಟೂಲಿನ ಮೇಲೆ. ಮಳೆ ಸ್ವಲ್ಪ ಹೊಳವಾಗಿತ್ತು. ಡಿಶ್ ಕೂರಿಸಲು ಹೊರಗೆ ಜಾಗ ಇಲ್ಲ, ಗೋಡೆ ಇಲ್ಲ. ಭಾವ ಅದನ್ನು ಎತ್ತಿಕೊಂಡು ಹೋಗಿ ಹೊರಗೆ ನಿಂತರು.

ಪರದೆಯ ಮೇಲೆ ಬರೀ ನೀಲಿ. ಸಿಗ್ನಲ್ ಇಲ್ಲ.

ಡಿಶ್ ತಿರುಗಿಸಬೇಕು. ಒಳಗೆ ಟಿ.ವಿ. ನೋಡುವವರು ಹೇಳಬೇಕು, ಹೊರಗೆ ಹಿಡಿದವರು ತಿರುಗಿಸಬೇಕು. ಹೇಳುವವರು ತಮ್ಮ, ತಿರುಗಿಸುವವರು ಅಣ್ಣ. ಮಾತು ಇಲ್ಲ!

ನಮ್ಮವರು ಅತ್ತೆಗೆ ಹೇಳಿದರು, "ತೆಂಕಕ್ ತಿರ್ಗ್ಸುಕ್ ಹೇಳ್." ಅತ್ತೆ ನನಗೆ ಹೇಳಿದರು. ನಾನು ಹೊರಗೆ ತಲೆ ಹಾಕಿ, "ಭಾವ, ತೆಂಕಕ್ಕೆ" ಅಂದೆ. ಭಾವ ತಿರುಗಿಸುವಷ್ಟರಲ್ಲಿ ಒಂದು ಕ್ಷಣ ಚಿತ್ರ ಬಂತು. "ಬಂತ್, ನಿಲ್ಸುಕ್ ಹೇಳ್!" ಅತ್ತೆ ನನಗೆ, ನಾನು ಭಾವನಿಗೆ. ಅಷ್ಟರಲ್ಲಿ ದಾಟಿ ಹೋಗಿತ್ತು. "ಒಂಚೂರ್ ಮೂಡಕ್ಕ್ ಅಂತ ಹೇಳ್!" ಮತ್ತೆ ಅತ್ತೆ, ಮತ್ತೆ ನಾನು. ಮತ್ತೆ ಹೋಯಿತು. ಮೂರನೇ ಕ್ವಾರ್ಟರ್ ಇಡೀ ಹೀಗೇ ಮುಳುಗಿತು. ನಾನು ಟೀಚರ್, ನನಗೆ ತಾಳ್ಮೆ ಜಾಸ್ತಿ ಅಂತ ಎಲ್ಲರೂ ಹೇಳುತ್ತಾರೆ. ಆ ಹೊತ್ತಿಗೆ ಕೈಯಲ್ಲಿ ಸೌಟಿದ್ದರೆ ಇಬ್ಬರಿಗೂ ಒಂದೊಂದು ಕೊಡುತ್ತಿದ್ದೆ.

ಮತ್ತೊಮ್ಮೆ ಚಿತ್ರ ಬಂತು. ಸ್ಪಷ್ಟ ಬಂತು. ಬೋಳಣ್ಣ ಬಾಲು ಹಿಡಿದು ನಿಂತಿದ್ದಾನೆ. ಅದೂ ಜಾರುವ ಹಾಗೆ ಅಲುಗಿತು. ನಮ್ಮವರು ಜಿಗಿದು ನಿಂತು ಗಂಟಲು ಹರಿಯುವ ಹಾಗೆ ಕೂಗಿದರು.

"ಅಣ್ಣಾ! ಅಲ್ಲೇ! ಅಲ್ಲಾಡ್ಬೇಡ!"

ಅತ್ತೆ ನನ್ನ ಕೈ ಹಿಡಿದರು. ಜಲಜಕ್ಕ ಬಾಯಿಗೆ ಸೆರಗು ಒತ್ತಿಕೊಂಡರು. ನಮ್ಮವರಿಗೆ ತಾನು ಏನು ಕರೆದೆ ಅಂತ ಗೊತ್ತಾಗಿ ಕಿವಿ ಕೆಂಪಾಯಿತು.

ಹೊರಗಿನಿಂದ ಭಾವನ ದನಿ ಬಂತು. ಮೆಲ್ಲಗೆ.

"ಬಂತಾ?"

"ಬಂತ್."

"ಎಷ್ಟಿತ್ತ್?"

"ಏಳ್ ಹಿಂದೆ! ಕಡಿ ಕ್ವಾರ್ಟರ್ ಶುರು ಆಯ್ತ್ ಅಣ್ಣ!"

ಆಮೇಲೆ ಯಾರು ತಡೆಯುವವರು? ಭಾವ ಬೆನ್ನು ಹಾಕಿ ನಿಂತಿದ್ದಾರೆ, ಟಿ.ವಿ. ಕಾಣುವುದಿಲ್ಲ. ನಮ್ಮವರು ಬಾಯಲ್ಲೇ ಮ್ಯಾಚು ತೋರಿಸತೊಡಗಿದರು. "ಬೋಳಣ್ಣ ತಕಂಡ... ಓಡ್ತಾ ಇದ್ದ... ಜಿಪುಣನಿಗ್ ಕೊಟ್ಟ... ಅಯ್ಯೋ ಜಿಪುಣ ಪಾಸ್ ಕೊಟ್ಟ ಅಣ್ಣ, ಕೊಕ್ಕರಿಗ್ ಕೊಟ್ಟ! ಬುಟ್ಟಿಗ್ ಬಿತ್ತ್! ಐದ್ ಹಿಂದೆ!" ಹೊರಗಿನಿಂದ ಭಾವ, "ಕೊಕ್ಕರಿ ಮಂಡಿ ಹ್ಯಾಂಗಿತ್ತಾ?" "ಕುಂಟ್ತಾ ಇದ್ದ, ಆದ್ರೂ ಬಿಡ್ತಾ ಇಲ್ಲೆ!" "ಬೋಳಣ್ಣಂಗ್ ದೂರದಿಂದ ಹಾಕುಕ್ ಹೇಳಾ!" ಅಂತ ಭಾವ ಅಲ್ಲಿಂದ ಆರ್ಡರ್. ಅದೇ ಕ್ಷಣ ಬೋಳಣ್ಣ ದೂರದಿಂದ ಹಾಕಿದ. ಮೂರು ಪಾಯಿಂಟ್!

ನಾನು ಕುಣಿದೆ. ಹೌದು, ಕುಣಿದೆ! ಜಲಜಕ್ಕನ ಕೈ ಹಿಡಿದು ಬೋಟಿನ ಬುಡದಲ್ಲಿ, ಕೆಸರಲ್ಲಿ. ಅತ್ತೆ ಮಾವನ ಅಂಗಿಯನ್ನು ತಲೆಯ ಮೇಲೆ ತಿರುಗಿಸುತ್ತಿದ್ದರು.

ಇನ್ನು ಎರಡು ನಿಮಿಷ ಆಟ. ನಾವು ಒಂದು ಪಾಯಿಂಟ್ ಹಿಂದೆ. ಟೈಮ್ ಔಟ್. ನಮ್ಮವರು ಟಿ.ವಿ. ಬಿಟ್ಟು ಹೊರಗೆ ಹೋದರು.

"ಅಣ್ಣ, ನೀ ಒಳಗ್ ಬಾ. ನಾ ಹಿಡ್ಕಂತೆ."

"ಬ್ಯಾಡಾ, ಅಲ್ಲಾಡಿರೆ ಹೋತ್ತ್."

"ಬಾ ಅಂದೆ ಅಲ್ದಾ! ಹದ್ಮೂರ್ ವರ್ಷ ಕಾದ್ದ್ ನೀ ಕಾಣ್ದೆ ನಾ ಎಂತ ಕಾಂಬುದ್?"

ಭಾವ ಒದ್ದೆ ಮುದ್ದೆಯಾಗಿ ಒಳಗೆ ಬಂದು, ಮಾವ ಕೂರುವ ಹಾಗೆ ಕಾಲು ಮಡಚಿ ನೆಲದ ಮೇಲೆ ಕೂತರು. ನನ್ನ ಗಂಡನ ಬಗ್ಗೆ ನನಗೆ ನೂರು ದೂರು ಇವೆ. ಆ ಕ್ಷಣದಲ್ಲಿ ಒಂದೂ ನೆನಪಿಗೆ ಬರಲಿಲ್ಲ.

ಡಿಶ್ ಕೈಯಿಂದ ಕೈಗೆ ಹೋದಾಗ ಚಿತ್ರ ಹೋಯಿತು. "ಬಡಗ! ಬಡಗ! ಹಾಂ, ಸಮ, ಅಲ್ಲೇ!" ಅಂತ ಈಗ ಭಾವನ ದನಿ, ಬೋಟಿನಲ್ಲಿ ಕೂಗುವ ಅದೇ ತಾಂಡೇಲನ ದನಿ. ಚಿತ್ರ ಬಂತು. ಕೊನೆಯ ಹನ್ನೊಂದು ಸೆಕೆಂಡ್. ಬೋಳಣ್ಣ ನುಗ್ಗಿದ, ಜಿಗಿದ, ಬಾಲು ಎತ್ತಿದ, ಎದುರಿನವ ಅವನ ಮುಂಗೈಗೆ ಕೈ ಹಾಕಿದ...

ಆಕಾಶ ಮತ್ತೆ ಹರಿಯಿತು. ಪರದೆ ನೀಲಿ.

ಐದು ಜನ ಒಟ್ಟಿಗೆ ಕಿರುಚಿದೆವು. ಭಾವ, "ತೆಂಕ! ಮೂಡ! ಮೇಲ್ ಎತ್ತ್!" ನಮ್ಮವರು ಡಿಶ್ ಸಮೇತ ಸುತ್ತುತ್ತಿದ್ದಾರೆ. ಚಿತ್ರ ಬಂದಾಗ ಬಿಳಿ ಅಂಗಿಯವರು ಒಬ್ಬರ ಮೇಲೊಬ್ಬರು ಬಿದ್ದು ಹೊರಳುತ್ತಿದ್ದರು. ಆ ದಿನ ಮ್ಯಾಚು ನಡೆದದ್ದು ಎದುರು ಪಾರ್ಟಿಯ ಊರಿನಲ್ಲಿ.

ಬಿಳಿ ಅಂದರೆ ನಾವಲ್ಲ. ಸೋತೆವು. ಒಂದೇ ಒಂದು ಪಾಯಿಂಟಿನಲ್ಲಿ!

ನಾನು ಅತ್ತೆಯ ಮುಖ ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ. ಗೆದ್ದರೆ ಮಾತಾಡುತ್ತಾರೆ, ಮಾತಾಡಿದರೆ ಬೋಟು ಉಳಿಯುತ್ತದೆ ಅಂತ ಹೂವಿನ ಪೂಜೆ ಮಾಡಿಸಿದವರು ಅವರು.

ನಮ್ಮವರು ಡಿಶ್ ಹೊತ್ತುಕೊಂಡೇ ಒಳಗೆ ಬಂದರು. "ಎಂತ ಆಯ್ತ್?"

"ಫೌಲ್ ಮರಾಯ! ಸಮಾ ಫೌಲ್! ಹಾಳಾದವ ಸೀಟಿ ಊದ್ಲಿಲ್ಲೆ!"

"ಹ್ಯಾಂಗೆ? ನಾ ಕಂಡಿಲ್ಲೆ ಅಲ್ದಾ!"

"ಬೋಳಣ್ಣ ಹೀಂಗ್ ಎತ್ದ... ಕೈ ಎತ್ತ್ ನೀನ್, ಎತ್ತ್... ಅವ ಬಂದ್ ಹೀಂಗ್ ಹಿಡ್ದ ಕಾಣ್, ಹೀಂಗೆ!" ಭಾವ ತಮ್ಮನ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಇದ್ ಫೌಲ್ ಅಲ್ದಾ? ನೀನೇ ಹೇಳ್!"

"ಫೌಲೇ! ಕುರುಡನಿಗೂ ಕಾಣತ್ತ್!"

"ಹಾಳಾದವ್ನ್ ಕಣ್ಣಿಗ್ ಮಣ್ಣ್ ಬೀಳ್ಲಿ!"

ಇಬ್ಬರೂ ಸೇರಿ ಆ ರೆಫ್ರಿಯ ಏಳು ತಲೆಮಾರನ್ನು ಹೊಳೆದಡದಲ್ಲಿ ನಿಲ್ಲಿಸಿ ಬೈದರು. ಅತ್ತೆಗೆ ಬೇಕಾಗಿದ್ದದ್ದು ಗೆದ್ದ ಖುಷಿ. ಸಿಕ್ಕಿದ್ದು ಸೋತ ಸಿಟ್ಟು. ಅದೂ ನಡೆಯುತ್ತದೆ ಅಂತ ನಮಗೆ ಗೊತ್ತಿರಲಿಲ್ಲ. ಭಾವ ಹಿಡಿದ ಕೈ ಹತ್ತು ನಿಮಿಷ ಬಿಡಲಿಲ್ಲ. ನಮ್ಮವರೂ ಬಿಡಿಸಿಕೊಳ್ಳಲಿಲ್ಲ.

ಬೈದು ಸುಸ್ತಾದ ಮೇಲೆ ಭಾವ ಜೇಬಿನಿಂದ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಮೊಬೈಲ್ ತೆಗೆದರು. ಎರಡೇ ಮಾತು. "ಹ್ವಾಯ್, ಭಾಸ್ಕರ ನಾನ್. ಆದಿತ್ಯವಾರ ಬಪ್ದ್ ಬ್ಯಾಡ, ಬೋಟ್ ಕೊಡುದಿಲ್ಲೆ."

ಇಟ್ಟರು. ನಮ್ಮವರು ಬೋಟಿನ ಹಲಗೆಯನ್ನು ಮುಟ್ಟಿ ನೋಡುತ್ತಾ, "ಅಡಿಗ್ ಎರಡ್ ಹಲ್ಗಿ ಹೋಯ್ತ್ ಅಣ್ಣ, ಈ ಮಳಿಗಾಲ್ದಂಗೇ ಹಾಕ್ಕ್" ಅಂದರು. "ಹಾಕುವ" ಅಂದರು ಭಾವ.

ಆಗ ಅತ್ತೆ ಅತ್ತರು. ಎಂಟು ತಿಂಗಳದ್ದು ಸೇರಿಸಿ ಅತ್ತರು. ಭಾವ ಹತ್ತಿರ ಬಂದು, "ಎಂತಕ್ಕ್ ಅಳ್ತೆ ಅಬ್ಬೆ? ಬಪ್ಪ್ ವರ್ಷ ಗೆಲ್ತ್ರ್ ಬಿಡ್" ಅಂತ ಸಮಾಧಾನ ಮಾಡಿದರು. ಪಾಪ, ಅವರಿಗೆ ಎಂಥದ್ದೂ ಗೊತ್ತಿಲ್ಲ! ಅತ್ತೆ ಮೂಗು ಒರೆಸಿಕೊಂಡು ನಮ್ಮ ಕಡೆ ತಿರುಗಿ, "ಗಂಜಿ ಬಡ್ಸಿ, ಇಬ್ರಿಗೂ ಇಲ್ಲೇ" ಅಂದರು. ನಾನು ಗಂಜಿ ತರಲು ಓಡಿದೆ. ಜಲಜಕ್ಕ ಆ ಕಡೆ ಓಡಿದರು, ಕೇಬಲ್ಲಿನ ಪಿನ್ ಸಿಕ್ಕಿಸಲು.

ಇಷ್ಟಾಗಿ ಒಂದು ವಾರ. ಅಣ್ಣತಮ್ಮ ದಿನಾ ಬೋಟಿನ ಬುಡದಲ್ಲಿ ಒಟ್ಟಿಗೆ ಕೆಲಸ ಮಾಡುತ್ತಿದ್ದಾರೆ. ಬಾಸ್ಕೆಟ್‌ಬಾಲ್ ಒಂದು ಮನೆಯನ್ನು ಒಟ್ಟು ಮಾಡಿತಂತೆ ಅಂತ ಕೋಡಿಯಿಂದ ಹಿಡಿದು ತಲ್ಲೂರಿನವರೆಗೆ ಸುದ್ದಿ.

ಮೊನ್ನೆ ನಾನು, ಜಲಜಕ್ಕ ಕುಂದಾಪುರದ ಸಂತೆಗೆ ಹೋಗಿದ್ದೆವು. ಸೌತೆಕಾಯಿ ಆರಿಸುತ್ತಿದ್ದಾಗ ನಮ್ಮ ಕೇರಿಯ ಹಿರಿಯರೊಬ್ಬರು ಸಿಕ್ಕಿದರು. ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ, ಬುದ್ಧಿ ಹೇಳುವ ದನಿಯಲ್ಲಿ ಅಂದರು, "ಅಂತೂ ಗಂಡ್ಸ್ರ್ ಇಬ್ರೂ ಸಮ ಆದ್ರಲೆ. ಇನ್ನಾರೂ ನೀವ್ ಹೆಂಗ್ಸ್ರ್ ಒಂಚೂರ್ ಹೊಂದ್ಕಂಡ್ ಹೋಯ್ನಿ."

ಅಲ್ಲ ಮರಾಯ್ರೆ, ಎಂಟು ತಿಂಗಳು ಮಾತು ಬಿಟ್ಟದ್ದು ಯಾರು?